ಮಕ್ಕಳ ಆಟದಲ್ಲಿ ನ್ಯಾಯ ಮತ್ತು ನಡತೆ: ಒಂದು ಸಮೀಕ್ಷೆ

ಗೆಲ್ಲಬೇಕೆಂಬ ಹಟವನ್ನು ಬಿಡದೆ ಎದುರಾಳಿಯನ್ನು ಗೌರವಿಸುವುದು, ತೀರ್ಪುಗಾರರ ನಿರ್ಣಯ ತನಗೆ ವಿರುದ್ಧವಾದಾಗಲೂ ಅದಕ್ಕೆ ತಲೆಬಾಗುವುದು, ಸೋಲಿನಲ್ಲಿ ಕುಗ್ಗದೆ ಗೆಲುವಿನಲ್ಲಿ ಹಿಗ್ಗದೆ ಇರುವುದು, ಸಿಗಬಹುದಾದ ಲಾಭವೊಂದನ್ನು ಅದು ನ್ಯಾಯವಲ್ಲವೆಂಬ ಕಾರಣಕ್ಕೆ ತಾನಾಗಿಯೇ ಬಿಟ್ಟುಕೊಡುವುದು, ಇವೆಲ್ಲವನ್ನೂ ಒಟ್ಟುಗೂಡಿಸಿ ಕ್ರೀಡಾಮನೋಭಾವ ಎಂದು ಕರೆಯುವ ರೂಢಿಯಿದೆ. ಈ ಗುಣ ಮಕ್ಕಳಲ್ಲಿ ಹೇಗೆ ಬೆಳೆಯುತ್ತದೆ ಮತ್ತು ಏಕೆ ಕೆಡುತ್ತದೆ ಎಂಬ ಪ್ರಶ್ನೆಯನ್ನು ಅಮೆರಿಕದ ವಿದ್ವಾಂಸರು ಹೆಚ್ಚಾಗಿ ಬೇಸ್‌ಬಾಲ್ ಮೈದಾನಗಳಲ್ಲಿ ಪರೀಕ್ಷಿಸಿದ್ದಾರೆ, ಏಕೆಂದರೆ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಸ್ ಎಂಬಾತ ಆರಂಭಿಸಿದ ‘ಲಿಟ್ಲ್ ಲೀಗ್’, ಅಂದರೆ ಮಕ್ಕಳ ಬೇಸ್‌ಬಾಲ್ ಸಂಘಟನೆ, ಹಿರಿಯರು ನಡೆಸುವ ಮಕ್ಕಳ ಆಟಕ್ಕೆ ಜಗತ್ತಿನಲ್ಲೇ ಅತ್ಯಂತ ವಿಸ್ತಾರವಾದ ಮಾದರಿಯಾಗಿ ಬೆಳೆಯಿತು. ಭಾರತದಲ್ಲಿ ಬೇಸ್‌ಬಾಲ್ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಇದೆ, ಮಣಿಪುರದಲ್ಲಿ ಅದಕ್ಕೆ ತನ್ನದೇ ಆದ ಪರಂಪರೆಯಿದೆ, 2008ರಲ್ಲಿ ಉತ್ತರಪ್ರದೇಶದ ಇಬ್ಬರು ಯುವಕರು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. ಆದರೂ ಇಲ್ಲಿ ಮಗುವಿನ ನಡತೆಯನ್ನು ತಿದ್ದುವ ಅಥವಾ ಕೆಡಿಸುವ ಶಕ್ತಿ ಇರುವ ಆಟ ಕ್ರಿಕೆಟ್ ಒಂದೇ ಎಂದರೆ ಉತ್ಪ್ರೇಕ್ಷೆಯಾಗದು. ಹೀಗಾಗಿ ಬೇಸ್‌ಬಾಲ್ ಕುರಿತ ಅಧ್ಯಯನಗಳನ್ನು ಒಂದು ಕೈಯಲ್ಲೂ ಚೆನ್ನೈನಂತಹ ಕ್ರಿಕೆಟ್ ನಗರದ ಅನುಭವವನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡೇ ಈ ಪ್ರಶ್ನೆಯನ್ನು ನೋಡಬೇಕಾಗುತ್ತದೆ.

ಚೆನ್ನೈನ ದಕ್ಷಿಣ ಅಂಚಿನ ಕ್ರೋಂಪೇಟೆ ಇಂಥ ನೋಟಕ್ಕೆ ತಕ್ಕ ನೆಲೆ. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿ ನೆಲೆಗೊಂಡ ಕ್ರೋಮ್ ಲೆದರ್ ಕಂಪನಿಯಿಂದ, ಅಂದರೆ ಕ್ರೋಮಿಯಂ ಲವಣಗಳಿಂದ ತೊಗಲು ಹದಮಾಡುವ ಕಾರ್ಖಾನೆಯಿಂದ, ಹೆಸರು ಪಡೆದ ಈ ಊರು 1949ರಲ್ಲಿ ಸಿ. ರಾಜಂ ಅವರು ಸ್ಥಾಪಿಸಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ದೇಶಕ್ಕೆಲ್ಲ ಪರಿಚಿತವಾಯಿತು, ಎ.ಪಿ.ಜೆ. ಅಬ್ದುಲ್ ಕಲಾಂ ವಿಮಾನಶಾಸ್ತ್ರ ಕಲಿತದ್ದು ಇಲ್ಲಿಯೇ. ಒಂದು ಕಡೆ ಜಿ.ಎಸ್.ಟಿ. ರಸ್ತೆ, ಅದರ ಪಕ್ಕದಲ್ಲೇ ತಾಂಬರಂಗೆ ಹೋಗುವ ಉಪನಗರ ರೈಲುಮಾರ್ಗ, ಎರಡೂ ಬದಿಗೆ ಒತ್ತೊತ್ತಾಗಿ ಬೆಳೆದ ಬಡಾವಣೆಗಳು ಇರುವ, 2021ರಿಂದ ತಾಂಬರಂ ಮಹಾನಗರಪಾಲಿಕೆಗೆ ಸೇರಿರುವ ಈ ಉಪನಗರದಲ್ಲಿ ಮಕ್ಕಳಿಗೆ ಎರಡು ಬಗೆಯ ಕ್ರಿಕೆಟ್ ದೊರೆಯುತ್ತದೆ. ಮೊದಲನೆಯದು ತಮಿಳು, ತೆಲುಗು, ಕನ್ನಡ, ಹಿಂದಿ ಮಾತಾಡುವ ಮನೆಗಳ ಮಕ್ಕಳು ಒಂದೇ ಬೀದಿಯಲ್ಲಿ ಟೆನಿಸ್ ಚೆಂಡು ಹಿಡಿದು ಆಡುವ ಆಟ, ಎರಡನೆಯದು ಶುಲ್ಕ ಕಟ್ಟಿ, ಬಿಳಿ ಉಡುಪು ತೊಟ್ಟು, ತೊಗಲಿನ ಚೆಂಡಿನಿಂದ ತರಬೇತುದಾರರ ಕಣ್ಗಾವಲಿನಲ್ಲಿ ಕಲಿಯುವ ಆಟ. ಇವೆರಡರಲ್ಲಿ ಯಾವುದು ಒಳ್ಳೆಯ ನಡತೆಯನ್ನು ಹೆಚ್ಚು ಕಲಿಸುತ್ತದೆ ಎಂದು ಕೇಳಿದರೆ ಹೆಚ್ಚಿನ ಪೋಷಕರು ಎರಡನೆಯದರತ್ತ ಬೊಟ್ಟುಮಾಡುತ್ತಾರೆ, ಆದರೆ ಲಭ್ಯವಿರುವ ಸಂಶೋಧನೆ ಅಷ್ಟು ಸುಲಭವಾಗಿ ಅವರ ಪರವಾಗಿ ಸಾಕ್ಷಿ ನುಡಿಯುವುದಿಲ್ಲ.

ಆಟ ಚಾರಿತ್ರ್ಯವನ್ನು ಕಟ್ಟುತ್ತದೆ ಎಂಬ ನಂಬಿಕೆ 19ನೆಯ ಶತಮಾನದ ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಹುಟ್ಟಿ ಬ್ರಿಟಿಷ್ ಆಡಳಿತದೊಡನೆ ಭಾರತಕ್ಕೆ ಬಂದದ್ದು, ಮತ್ತು ಅದು ಬಂದ ಬಗೆಯಲ್ಲೇ ಒಂದು ದೊಡ್ಡ ವಿರೋಧಾಭಾಸ ಅಡಗಿತ್ತು. ಮದ್ರಾಸ್ ಕ್ರಿಕೆಟ್ ಕ್ಲಬ್ಬಿನ ಚೆಪಾಕ್ ಮೈದಾನದಲ್ಲಿ ನ್ಯಾಯದ ಆಟವನ್ನು ಮೆರೆಸುತ್ತಿದ್ದ ಯುರೋಪಿಯನ್ನರು ತಮ್ಮೊಡನೆ ಆಡಿದ ಭಾರತೀಯರನ್ನು ಪೆವಿಲಿಯನ್ನಿನೊಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಈ ಅವಮಾನಕ್ಕೆ ಉತ್ತರವಾಗಿ ಎಂ. ಬುಚ್ಚಿಬಾಬು ನಾಯ್ಡು 1888ರಲ್ಲಿ ಮದ್ರಾಸ್ ಯುನೈಟೆಡ್ ಕ್ಲಬ್ಬನ್ನು ಕಟ್ಟಿದರು, 1908ರಲ್ಲಿ ಅವರು ತೀರಿಕೊಂಡ ಮೇಲೆ ಯುರೋಪಿಯನ್ನರಿಗೂ ಭಾರತೀಯರಿಗೂ ನಡುವಿನ ಪ್ರೆಸಿಡೆನ್ಸಿ ಪಂದ್ಯ ಪೊಂಗಲ್ ಹಬ್ಬದ ದಿನಗಳ ವಾಡಿಕೆಯಾಗಿ ದಶಕಗಳ ಕಾಲ ನಡೆಯಿತು. ಆದರೆ ತಾರತಮ್ಯ ಬಿಳಿಯರ ಸೊತ್ತೇ ಆಗಿರಲಿಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಲೂ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು, ಪುಣೆಯ ಹಿಂದೂ ತಂಡಕ್ಕಾಗಿ ಆಡುತ್ತಿದ್ದಾಗ ಮೈದಾನದೊಳಗೆ ಸರಿಸಮಾನರಾಗಿದ್ದರೂ ಚಹಾದ ಹೊತ್ತಿಗೆ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು, ನಾಯಕತ್ವವಂತೂ ಅವರಿಗೆ ಕೊನೆಯವರೆಗೂ ಸಿಗಲಿಲ್ಲ.

ಅಮೆರಿಕದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಲಿಟ್ಲ್ ಲೀಗ್ ತನ್ನ ಆಟಗಾರರಿಗಾಗಿ ಪ್ರತಿಜ್ಞೆಯೊಂದನ್ನು ರೂಪಿಸಿದ್ದು 1950ರ ದಶಕದ ನಡುವಿನಲ್ಲಿ. ದೇವರನ್ನೂ ದೇಶವನ್ನೂ ನೆನೆದು, ನ್ಯಾಯವಾಗಿ ಆಡುವುದಾಗಿ ಮಕ್ಕಳು ಮಾತುಕೊಡುವ ಪ್ರತಿಜ್ಞೆ ಅದು. ಅದೇ ಕಾಲದಲ್ಲಿ, 1955ರಲ್ಲಿ, ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ನಗರದ ಕಪ್ಪು ಮಕ್ಕಳ ಕ್ಯಾನನ್ ಸ್ಟ್ರೀಟ್ ತಂಡದೊಡನೆ ಆಡಲು ಒಪ್ಪದೆ ಆ ರಾಜ್ಯದ ಬಿಳಿಯರ ತಂಡಗಳೆಲ್ಲ ಟೂರ್ನಿಯಿಂದ ಹಿಂದೆ ಸರಿದವು. ಎದುರಾಳಿಗಳಿಲ್ಲದ ತಂಡ ಆಡದೆಯೇ ಗೆದ್ದಂತಾಯಿತು, ಆಡದೆ ಗೆದ್ದ ತಂಡ ಮುಂದಿನ ಹಂತಕ್ಕೆ ಅರ್ಹವಲ್ಲ ಎಂಬ ನಿಯಮವನ್ನು ತೋರಿಸಿ ಆ ಮಕ್ಕಳನ್ನು ವಿಲಿಯಮ್ಸ್‌ಪೋರ್ಟ್‌ಗೆ ಅತಿಥಿಗಳಾಗಿ ಕರೆಸಿ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಲಾಯಿತು. ಹುಡುಗಿಯರಿಗಂತೂ ಈ ಸಂಘಟನೆಯ ಬಾಗಿಲು ತೆರೆದದ್ದು ನ್ಯಾಯಾಲಯದ ಮೊಕದ್ದಮೆಗಳ ನಂತರ, 1974ರಲ್ಲಿ. ಚೆಪಾಕ್, ಪುಣೆ, ಚಾರ್ಲ್ಸ್‌ಟನ್ ಮೂರೂ ಕಡೆ ನ್ಯಾಯದ ಆಟದ ಮಾತು ಮೊಳಗುತ್ತಲೇ ಇತ್ತು, ಯಾರು ಆಡಬಹುದು ಮತ್ತು ಯಾರು ಒಟ್ಟಿಗೆ ಕೂತು ಉಣ್ಣಬಹುದು ಎಂಬುದನ್ನು ಮಾತ್ರ ಹಿರಿಯರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು.

ಆಟ ತಾನಾಗಿಯೇ ಒಳ್ಳೆಯ ನಡತೆಯನ್ನು ತರುತ್ತದೆಯೇ ಎಂಬುದನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ 1954ರ ಬೇಸಿಗೆಯಲ್ಲಿ ಸಮಾಜಮನೋವಿಜ್ಞಾನಿ ಮುಜಾಫರ್ ಶೆರೀಫ್ ಮತ್ತು ಸಂಗಡಿಗರು ಓಕ್ಲಹೋಮಾದ ರಾಬರ್ಸ್ ಕೇವ್ ಉದ್ಯಾನದಲ್ಲಿ ನಡೆಸಿದ್ದು ಇಂದಿಗೂ ಮುಖ್ಯವಾದದ್ದು. ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಎರಡು ಗುಂಪುಗಳಾಗಿ ಬೇರೆ ಬೇರೆ ಬಿಡಾರಗಳಲ್ಲಿ ಇರಿಸಿ, ಬಳಿಕ ಬೇಸ್‌ಬಾಲ್, ಹಗ್ಗಜಗ್ಗಾಟ ಮುಂತಾದ ಸ್ಪರ್ಧೆಗಳ ಸರಣಿಯೊಂದನ್ನು ಬಹುಮಾನದೊಡನೆ ಏರ್ಪಡಿಸಿದಾಗ, ಮೊದಲ ದಿನಗಳಲ್ಲಿ ಸೋತವರಿಗೂ ಜಯಕಾರ ಹಾಕುತ್ತಿದ್ದ ಹುಡುಗರು ಸರಣಿ ಮುಂದುವರಿದಂತೆ ಬೈಗುಳಕ್ಕೆ ಇಳಿದು, ಎದುರಾಳಿಗಳ ಬಾವುಟ ಸುಟ್ಟು, ಕೊನೆಗೆ ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗುವ ಮಟ್ಟಕ್ಕೆ ಬಂದರು. ಇವರು ಪುಂಡ ಹುಡುಗರೆಂದು ಹೆಸರಾದವರಲ್ಲ, ಸ್ಥಿರವಾದ ಮನೆಗಳಿಂದ ಜಾಗ್ರತೆಯಿಂದ ಆರಿಸಿ ತಂದವರು. ಅವರ ನಡುವೆ ಸ್ನೇಹವನ್ನು ಮರಳಿ ತಂದದ್ದು ಉಪದೇಶವಲ್ಲ, ಒಟ್ಟಿಗೆ ಕೂರಿಸಿದ ಊಟವೂ ಅಲ್ಲ. ಊಟಕ್ಕೆ ಕೂರಿಸಿದರೆ ಅವರು ತಿನಿಸನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಕೆಟ್ಟುಹೋದ ನೀರಿನ ವ್ಯವಸ್ಥೆಯನ್ನು ಸರಿಪಡಿಸುವುದು, ಊಟ ತರಬೇಕಾದ ಟ್ರಕ್ಕು ನಿಂತುಹೋದಾಗ ಹಗ್ಗ ಕಟ್ಟಿ ಎಳೆಯುವುದು ಮುಂತಾಗಿ ಇಬ್ಬರೂ ಸೇರದೆ ಆಗದ ಕೆಲಸಗಳು ಬಂದಾಗ ಮಾತ್ರ ಹಗೆ ಇಳಿಯಿತು, ಮತ್ತು ಟ್ರಕ್ಕು ಎಳೆಯಲು ಅವರು ಬಳಸಿದ್ದು ಜಗ್ಗಾಟಕ್ಕೆ ಬಳಸಿದ್ದ ಹಗ್ಗವನ್ನೇ. ಸಂಶೋಧಕರೇ ಈ ಜಗಳವನ್ನು ಹೂಡಿದರು ಎಂಬ ಆಕ್ಷೇಪ ಈ ಪ್ರಯೋಗದ ಮೇಲಿದೆ, ಆದರೆ ಹಿರಿಯರು ಹೂಡಿದ ಏರ್ಪಾಡಿಗೆ ತಕ್ಕಂತೆ ಮಕ್ಕಳ ನಡತೆ ಬದಲಾಗುತ್ತದೆ ಎಂಬ ಮಾತಿಗೆ ಆ ಆಕ್ಷೇಪವೇ ಬೆಂಬಲ ಕೊಡುತ್ತದೆ.

1971ರಲ್ಲಿ ಬ್ರೂಸ್ ಓಗಿಲ್ವಿ ಮತ್ತು ಥಾಮಸ್ ಟುಟ್ಕೊ ಎಂಬ ಮನೋವಿಜ್ಞಾನಿಗಳು ಸಾವಿರಾರು ಕ್ರೀಡಾಪಟುಗಳನ್ನು ಪರೀಕ್ಷಿಸಿದ ಮೇಲೆ ಆಟ ಚಾರಿತ್ರ್ಯವನ್ನು ಕಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ, ಗಟ್ಟಿ ಸ್ವಭಾವದವರನ್ನು ಅದು ಉಳಿಸಿಕೊಂಡು ಉಳಿದವರನ್ನು ಹೊರಗೆ ತಳ್ಳುತ್ತದೆ ಅಷ್ಟೆ ಎಂಬ ಅಭಿಪ್ರಾಯಕ್ಕೆ ಬಂದರು. 1980ರ ದಶಕದಲ್ಲಿ ಬ್ರೆಂಡಾ ಬ್ರೆಡಮೈಯರ್ ಮತ್ತು ಡೇವಿಡ್ ಶೀಲ್ಡ್ಸ್ ‘ಆಟದ ತರ್ಕ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ದಿನನಿತ್ಯದ ಬದುಕಿನಲ್ಲಿ ತಪ್ಪೆಂದು ಒಪ್ಪುವ ನಡೆಯನ್ನು ಮೈದಾನದೊಳಗೆ ಸರಿಯೆಂದು ಭಾವಿಸುವ, ನೀತಿಯನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡುವ ಮನಃಸ್ಥಿತಿಗೆ ಅವರು ಕೊಟ್ಟ ಹೆಸರದು. ಬ್ಯಾಟಿಗೆ ಸವರಿದ ಚೆಂಡು ತಾಗಿಲ್ಲವೆಂದು ನಿಂತುಬಿಡುವ ಹುಡುಗ ಅಂಗಡಿಯಲ್ಲಿ ಹೆಚ್ಚು ಬಂದ ಚಿಲ್ಲರೆಯನ್ನು ವಾಪಸು ಕೊಡುವವನೇ ಆಗಿರಬಹುದು.

ಇವೆಲ್ಲಕ್ಕಿಂತ ಉಪಯುಕ್ತವಾದದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ 1970ರ ದಶಕದಿಂದ ಸಿಯಾಟಲ್ ಸುತ್ತಮುತ್ತಲಿನ ಮಕ್ಕಳ ಬೇಸ್‌ಬಾಲ್ ತಂಡಗಳಲ್ಲಿ ನಡೆಸಿದ ಅಧ್ಯಯನಗಳ ಸಾಲು. ತರಬೇತುದಾರ ಬಾಯಿಬಿಟ್ಟು ಏನು ಹೇಳುತ್ತಾನೆ ಎಂಬುದನ್ನು ಪಂದ್ಯದುದ್ದಕ್ಕೂ ದಾಖಲಿಸಿದ ಇವರು, ಮಗು ಒಳ್ಳೆಯದಾಗಿ ಆಡಿದಾಗ ಮಾತ್ರವಲ್ಲದೆ ಪ್ರಯತ್ನಪಟ್ಟಾಗಲೂ ಮೆಚ್ಚುವುದು, ತಪ್ಪಾದಾಗ ಗದರುವ ಬದಲು ಧೈರ್ಯ ಹೇಳಿ ತಿದ್ದುವುದು ಎಂಬ ಸರಳ ಸೂತ್ರಗಳನ್ನು ಕೆಲವೇ ಗಂಟೆಗಳ ಶಿಬಿರದಲ್ಲಿ ಕಲಿಸಿ, ಕಲಿತವರ ಮತ್ತು ಕಲಿಯದವರ ತಂಡಗಳನ್ನು ಹೋಲಿಸಿದರು. ಗೆಲುವು ಸೋಲುಗಳ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ, ಆದರೆ ಕಲಿತವರ ಕೈಕೆಳಗೆ ಆಡಿದ ಮಕ್ಕಳು ಆಟವನ್ನೂ ತಮ್ಮ ತಂಡದವರನ್ನೂ ಹೆಚ್ಚು ಇಷ್ಟಪಟ್ಟರು. 1992ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಶಿಬಿರ ಕಾಣದ ತರಬೇತುದಾರರ ಮಕ್ಕಳಲ್ಲಿ ಶೇ. 26ರಷ್ಟು ಮಂದಿ ಮರುವರ್ಷ ಆಟ ಬಿಟ್ಟಿದ್ದರೆ, ಶಿಬಿರ ಮುಗಿಸಿದವರ ಮಕ್ಕಳಲ್ಲಿ ಹಾಗೆ ಬಿಟ್ಟವರು ಶೇ. 5 ಮಾತ್ರ. ಈ ಸಾಲಿನ ಮೊದಲ ಅಧ್ಯಯನಗಳಲ್ಲಿಯೇ ಇನ್ನೊಂದು ಅಂಶ ಹೊರಬಿದ್ದಿತ್ತು: ತಂಡ ಗೆದ್ದಿತೋ ಸೋತಿತೋ ಎಂಬುದಕ್ಕೂ ಮಕ್ಕಳು ತಮ್ಮ ಗುರುವನ್ನು ಇಷ್ಟಪಡುವುದಕ್ಕೂ ಸಂಬಂಧವಿರಲಿಲ್ಲ, ಆದರೆ ಗೆದ್ದ ತಂಡದ ಮಕ್ಕಳು ತಮ್ಮ ತಂದೆತಾಯಿ ಆ ಗುರುವನ್ನು ಹೆಚ್ಚು ಮೆಚ್ಚುತ್ತಾರೆಂದು ಭಾವಿಸಿದ್ದರು. ಗೆಲುವು ಯಾರಿಗೆ ಬೇಕಾಗಿದೆ ಎಂಬುದನ್ನು ಮಕ್ಕಳು ಸರಿಯಾಗಿಯೇ ಗ್ರಹಿಸಿದ್ದರೆಂದು ಕಾಣುತ್ತದೆ.

ಬೀದಿಯ ಆಟದ ಪರವಾಗಿ ಹೇಳಬೇಕಾದದ್ದನ್ನು ಸ್ವಿಸ್ ಮನೋವಿಜ್ಞಾನಿ ಜ್ಯಾಂ ಪಿಯಾಜೆ 1932ರಲ್ಲೇ ಗೋಲಿಯಾಟದ ಮೂಲಕ ಹೇಳಿದ್ದರು. ನೂಶಾಟೆಲ್ ಮತ್ತು ಜಿನೀವಾ ನಗರಗಳ ಮಕ್ಕಳೊಡನೆ ಗೋಲಿಯಾಡುತ್ತ, ನಿಯಮಗಳ ಬಗ್ಗೆ ಪ್ರಶ್ನಿಸುತ್ತ ಅವರು ಕಂಡುಕೊಂಡದ್ದೆಂದರೆ, ಚಿಕ್ಕ ಮಕ್ಕಳು ನಿಯಮವನ್ನು ಹಿರಿಯರಿಂದ ಇಳಿದುಬಂದ, ಬದಲಾಯಿಸಲಾಗದ ಕಟ್ಟಳೆಯೆಂದು ತಿಳಿಯುತ್ತಾರೆ (ಮತ್ತು ಹಾಗೆ ತಿಳಿದುಕೊಂಡೇ ಅದನ್ನು ಸರಾಗವಾಗಿ ಮುರಿಯುತ್ತಾರೆ), ಹತ್ತು ಹನ್ನೊಂದು ವರ್ಷದ ಹೊತ್ತಿಗೆ ಸಮವಯಸ್ಕರೊಡನೆ ಜಗಳವಾಡಿ, ರಾಜಿಯಾಗಿ, ನಿಯಮವೆಂದರೆ ಎಲ್ಲರೂ ಒಪ್ಪಿಕೊಂಡ ಒಡಂಬಡಿಕೆ ಎಂಬ ತಿಳಿವಳಿಕೆಗೆ ಬಂದು, ಆಗ ಅದನ್ನು ನಿಜವಾಗಿ ಪಾಲಿಸತೊಡಗುತ್ತಾರೆ. ಕ್ರೋಂಪೇಟೆಯ ಅಡ್ಡಬೀದಿಯ ಕ್ರಿಕೆಟ್ಟಿಗೆ ಪಿಯಾಜೆಯ ಮಾತು ಅಕ್ಷರಶಃ ಒಪ್ಪುತ್ತದೆ. ಚೆಂಡು ಯಾರ ಮನೆಯ ಕಾಂಪೌಂಡಿನೊಳಗೆ ನೇರವಾಗಿ ಬಿದ್ದರೆ ಔಟು, ಒನ್ ಪಿಚ್ ಕ್ಯಾಚ್ ಉಂಟೋ ಇಲ್ಲವೋ, ಅಂದರೆ ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಅದನ್ನು ಕ್ಯಾಚ್ ಎಂದು ಒಪ್ಪಬೇಕೋ ಬೇಡವೋ, ಮೊದಲ ಎಸೆತ ಟ್ರಯಲ್ ಬಾಲ್ ಆಗಬೇಕೋ, ಬೆಸ ಸಂಖ್ಯೆಯಲ್ಲಿ ಮಕ್ಕಳಿದ್ದಾಗ ಎರಡೂ ಕಡೆ ಬ್ಯಾಟ್ ಮಾಡುವ ಕಾಮನ್ ಆಟಗಾರ ಯಾರು ಎಂಬುದನ್ನೆಲ್ಲ ಆಟಕ್ಕೆ ಮೊದಲು ಮಕ್ಕಳೇ ಮಾತಾಡಿ ಗೊತ್ತುಮಾಡುತ್ತಾರೆ. ಅಂಪೈರಾಗುವವನು ಬ್ಯಾಟಿಂಗ್ ತಂಡದ ಹುಡುಗನೇ, ಅವನು ಮಿತಿಮೀರಿ ಪಕ್ಷಪಾತ ಮಾಡಿದರೆ ಎದುರು ತಂಡ ಅಳುಗುಣಿ ಆಟ್ಟಂ ಎಂದು ತಮಿಳಿನಲ್ಲಿ ಛೇಡಿಸಿ ಆಟ ನಿಲ್ಲಿಸಿಬಿಡುತ್ತದೆ, ನಿಂತುಹೋದ ಆಟದಿಂದ ಯಾರಿಗೂ ಲಾಭವಿಲ್ಲವಾದ್ದರಿಂದ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಇಳಿಯುತ್ತಾರೆ. ತೀರ ಚಿಕ್ಕ ತಮ್ಮನನ್ನೋ ತಂಗಿಯನ್ನೋ ಮನೆಗೆ ಕಳಿಸದೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುವ ಪದ್ಧತಿ, ಯಾವ ಕೈಪಿಡಿಯಲ್ಲೂ ಇಲ್ಲದಿದ್ದರೂ, ಸಂಘಟಿತ ಕ್ರೀಡೆಯ ಬಹಳಷ್ಟು ನಿಯಮಗಳಿಗಿಂತ ಉದಾರವಾದದ್ದು.

ಇದರಿಂದ ಬೀದಿಯ ಆಟವನ್ನು ಸ್ವರ್ಗವೆಂದು ಬಣ್ಣಿಸುವುದೂ ತಪ್ಪಾಗುತ್ತದೆ. ಬಲವಂತನ ಮಾತೇ ನಡೆಯುವ, ಬ್ಯಾಟಿನ ಒಡೆಯ ಔಟಾದರೆ ಆಟವೇ ಮುಗಿಯುವ, ಹುಡುಗಿಯರು ಒಂದು ವಯಸ್ಸಿನ ನಂತರ ಕಾಣೆಯಾಗುವ ಜಾಗವೂ ಅದೇ. ಆದರೂ ಅಲ್ಲಿ ನಿಯಮವನ್ನು ಮಾಡುವ ಮತ್ತು ಮುರಿದಾಗ ಸರಿಪಡಿಸುವ ಹೊಣೆ ಮಕ್ಕಳದೇ, ಶುಲ್ಕ ಕಟ್ಟಿ ಕಲಿಯುವ ಶಿಬಿರದ ಆಟದಲ್ಲಿ ಆ ಹೊಣೆ ಪೂರ್ತಿಯಾಗಿ ಹಿರಿಯರ ಕೈಗೆ ಹೋಗುತ್ತದೆ. ಹೋದ ಮೇಲೆ ಹಿರಿಯರು ಅದನ್ನು ಹೇಗೆ ನಿಭಾಯಿಸುತ್ತಾರೆ ಎಂಬುದಕ್ಕೆ ವಯಸ್ಸಿನ ವಂಚನೆಗಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. 2001ರ ಲಿಟ್ಲ್ ಲೀಗ್ ವಿಶ್ವ ಸರಣಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಪಿಚರ್, ಅಂದರೆ ಚೆಂಡೆಸೆಯುವ ಹುಡುಗ, ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಅಪರೂಪದ ಆಟವಾಡಿ ದೇಶದ ಕಣ್ಮಣಿಯಾದ ಕೆಲವೇ ದಿನಗಳಲ್ಲಿ, 12 ವರ್ಷದವರ ಸ್ಪರ್ಧೆಯಲ್ಲಿ ಆಡಿದ ಅವನಿಗೆ 14 ತುಂಬಿತ್ತೆಂದೂ ಜನನಪತ್ರವನ್ನು ತಿದ್ದಿಸಿದ್ದು ಅವನ ತಂದೆಯೆಂದೂ ಬಯಲಾಗಿ, ತಂಡದ ಗೆಲುವುಗಳೆಲ್ಲ ರದ್ದಾದವು. 2014ರಲ್ಲಿ ಅಮೆರಿಕದ ಚಾಂಪಿಯನ್ ಆದ ಷಿಕಾಗೋದ ಜಾಕಿ ರಾಬಿನ್ಸನ್ ವೆಸ್ಟ್ ತಂಡದ ಪಟ್ಟವನ್ನೂ ಮರುವರ್ಷ ಕಿತ್ತುಕೊಳ್ಳಲಾಯಿತು, ತಪ್ಪು ಆಡಿದ ಮಕ್ಕಳದಲ್ಲ, ಹೊರಗಿನ ಬಡಾವಣೆಯ ಆಟಗಾರರನ್ನು ಸೇರಿಸಲು ಗಡಿಯ ನಕ್ಷೆಯನ್ನೇ ತಿದ್ದಿದ ವ್ಯವಸ್ಥಾಪಕರದು.

ಭಾರತದ ಕಿರಿಯರ ಕ್ರಿಕೆಟ್ಟಿನಲ್ಲಿ ಇದೇ ರೋಗ ಹಳೆಯದು ಮತ್ತು ವ್ಯಾಪಕವಾದದ್ದು. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು 16 ವರ್ಷದೊಳಗಿನ ಹುಡುಗರಿಗೆ ಟಿ.ಡಬ್ಲ್ಯು.3 ಪರೀಕ್ಷೆಯನ್ನು, ಅಂದರೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜಿಸುವ ವಿಧಾನವನ್ನು, ಜಾರಿಗೆ ತಂದಿದೆ. 2020ರಲ್ಲಿ ಸುಳ್ಳು ಜನ್ಮದಿನಾಂಕ ಕೊಟ್ಟವರು ತಾವಾಗಿ ಒಪ್ಪಿಕೊಂಡರೆ ಶಿಕ್ಷೆಯಿಲ್ಲ, ಒಪ್ಪಿಕೊಳ್ಳದೆ ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂಬ ಯೋಜನೆಯನ್ನೂ ಅದು ಪ್ರಕಟಿಸಿತು. ಈ ವಿಷಯದಲ್ಲಿ ಅತ್ಯಂತ ಕಟುವಾದ ಮಾತು ಬಂದದ್ದು ಕರ್ನಾಟಕದ ರಾಹುಲ್ ದ್ರಾವಿಡ್ ಅವರಿಂದ. 19 ವರ್ಷದೊಳಗಿನವರ ತಂಡದ ಗುರುವಾಗಿದ್ದ ಅವರು 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನೀಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ, ವಯಸ್ಸು ಮರೆಮಾಚಿದ ಹುಡುಗ ಪ್ರತಿಭೆಯಿಂದಲ್ಲ, ಮೈಕಟ್ಟಿನಿಂದ ಮೇಲೆ ಬರುತ್ತಾನೆ, ಅವನಿಂದಾಗಿ ಪ್ರಾಮಾಣಿಕ ಹುಡುಗನೊಬ್ಬ ಜಾಗ ಕಳೆದುಕೊಳ್ಳುತ್ತಾನೆ, ಎಲ್ಲಕ್ಕಿಂತ ಮಿಗಿಲಾಗಿ ಹೆತ್ತವರು ಮತ್ತು ಗುರುಗಳೇ ಮಗುವಿಗೆ ಮೋಸ ಕಲಿಸಿದಂತಾಗುತ್ತದೆ, ಹದಿನಾಲ್ಕರಲ್ಲಿ ಹೀಗೆ ಕಲಿತವನು ಇಪ್ಪತ್ತೈದರಲ್ಲಿ ಪಂದ್ಯ ಮಾರಿಕೊಂಡರೆ ಆಶ್ಚರ್ಯವೇನು ಎಂಬರ್ಥದಲ್ಲಿ ಮಾತಾಡಿದರು. ಒಬ್ಬ ಆಟಗಾರ ಒಂದೇ ಬಾರಿ 19 ವರ್ಷದೊಳಗಿನವರ ವಿಶ್ವಕಪ್ ಆಡಬೇಕು ಎಂಬ ಮಿತಿ ಆ ಕಾಲದಲ್ಲಿಯೇ ಬಂದಿತು. ತಿದ್ದಿದ ವಯಸ್ಸಿನಿಂದ ದೊರೆಯುವ ಲಾಭದ ಒಂದು ಭಾಗವನ್ನಾದರೂ ಅದು ಕತ್ತರಿಸಿತು. ಉಪನ್ಯಾಸ ಎಷ್ಟೇ ಒಳ್ಳೆಯದಾಗಿದ್ದರೂ ಕೆಲಸ ಮಾಡುವುದು ಇಂಥ ಮಿತಿಗಳೇ.

ಏರ್ಪಾಡಿನ ವಿಷಯದಲ್ಲಿ ಮಕ್ಕಳ ಬೇಸ್‌ಬಾಲ್ ಮಕ್ಕಳ ಕ್ರಿಕೆಟ್ಟಿಗಿಂತ ಮುಂದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಲಿಟ್ಲ್ ಲೀಗಿನಲ್ಲಿ ಒಂದು ತಂಡ ನಾಲ್ಕು ಇನಿಂಗ್ಸ್ ಆದ ಮೇಲೆ ಹತ್ತು ಓಟಗಳಿಂದ ಮುಂದಿದ್ದರೆ ಪಂದ್ಯವನ್ನು ಅಲ್ಲಿಗೇ ನಿಲ್ಲಿಸುವ ನಿಯಮವಿದೆ, ಇದನ್ನು ಸಾಮಾನ್ಯವಾಗಿ ದಯೆಯ ನಿಯಮ ಎನ್ನುತ್ತಾರೆ. ಪಟ್ಟಿಯಲ್ಲಿರುವ ಪ್ರತಿ ಮಗುವಿಗೂ ಒಮ್ಮೆಯಾದರೂ ಬ್ಯಾಟ್ ಸಿಗಬೇಕೆಂಬ ಕಡ್ಡಾಯವೂ ಇದೆ. 2007ರಿಂದ ಎಸೆತಗಳ ಸಂಖ್ಯೆಗೂ ಮಿತಿಯಿದ್ದು, 11–12 ವರ್ಷದ ಹುಡುಗ ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಇವು ಯಾವುವೂ ಸಜ್ಜನಿಕೆಯ ಹೆಸರಿನಲ್ಲಿ ಬಂದ ನಿಯಮಗಳಲ್ಲ, ಆದರೆ ಎದುರಾಳಿಯನ್ನು ಹಿಂಡಿಹಾಕುವ, ತನ್ನದೇ ತಂಡದ ಬಡಕಲು ಹುಡುಗನನ್ನು ಬೆಂಚಿನಲ್ಲೇ ಕೂರಿಸುವ, ಚೆನ್ನಾಗಿ ಎಸೆಯುವವನ ತೋಳನ್ನು ಮುರಿಯುವ ಅವಕಾಶವನ್ನೇ ಇವು ಗುರುವಿನ ಕೈಯಿಂದ ತೆಗೆಯುತ್ತವೆ. ಇದಕ್ಕೆ ಎದುರಾಗಿ 2016ರ ಜನವರಿಯಲ್ಲಿ ಮುಂಬಯಿ ಬಳಿಯ ಕಲ್ಯಾಣದಲ್ಲಿ ನಡೆದ ಭಂಡಾರಿ ಕಪ್ ಅಂತರಶಾಲಾ ಪಂದ್ಯವನ್ನು ಇಟ್ಟು ನೋಡಬಹುದು. ಪ್ರಣವ್ ಧನವಾಡೆ 327 ಎಸೆತಗಳಲ್ಲಿ ಔಟಾಗದೆ 1009 ಓಟ ಗಳಿಸಿದ, ಅವನ ಶಾಲೆ 3 ವಿಕೆಟ್ಟಿಗೆ 1465 ಹೊಡೆದು ಡಿಕ್ಲೇರ್ ಮಾಡಿಕೊಂಡಿತು, ಎದುರಾಳಿ ಶಾಲೆ 31 ಮತ್ತು 52 ಓಟಗಳಿಗೆ ಆಲೌಟಾಯಿತು. ದಾಖಲೆ ಮಾಡಿದ ಹುಡುಗನಿಗೆ ಹೊಗಳಿಕೆಯೂ ಸಹಾಯಧನವೂ ಹರಿದುಬಂದವು, ಮತ್ತು ಅವನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಇನಿಂಗ್ಸ್ ಮತ್ತು 1382 ಓಟಗಳ ಸೋಲನ್ನು ಎರಡು ದಿನ ಬಿಸಿಲಿನಲ್ಲಿ ನಿಂತು ಅನುಭವಿಸಿದ ಮಕ್ಕಳಿಗೆ ಆ ಪಂದ್ಯ ಏನು ಕಲಿಸಿತು ಎಂದು ಕೇಳಿದವರು ಕಡಿಮೆ. ಕ್ರಿಕೆಟ್ಟಿನಲ್ಲಿ ಬೇಗನೆ ಡಿಕ್ಲೇರ್ ಮಾಡುವ ವಿವೇಕವನ್ನು ನಾಯಕನಿಗೆ, ಅಂದರೆ ಹದಿನೈದು ವರ್ಷದ ಹುಡುಗನಿಗೋ ಅವನ ಹಿಂದೆ ನಿಂತ ಗುರುವಿಗೋ, ಬಿಟ್ಟುಕೊಡಲಾಗಿದೆ.

ನಿಯಮ ಒಪ್ಪುವ, ಆದರೆ ಮನಸ್ಸು ಒಪ್ಪದ ನಡೆಗಳ ವಿಚಾರ ಇನ್ನಷ್ಟು ಜಟಿಲ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣಮಹೋತ್ಸವ ಟೆಸ್ಟಿನಲ್ಲಿ ಭಾರತದ ನಾಯಕರಾಗಿದ್ದಾಗ, ಅಂಪೈರ್ ಔಟೆಂದು ಸಾರಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂಬ ಕಾರಣಕ್ಕೆ ಮರಳಿ ಕರೆದ ಪ್ರಸಂಗವನ್ನು ಕನ್ನಡದ ಮಕ್ಕಳಿಗೆ ಹೇಳದ ಕ್ರೀಡಾಶಿಕ್ಷಕರಿಲ್ಲ. ಐದು ವಿಕೆಟ್ ಕಳೆದುಕೊಂಡು ಕುಸಿದಿದ್ದ ಇಂಗ್ಲೆಂಡ್, ಟೇಲರ್ ಮತ್ತು ಇಯಾನ್ ಬೋಥಂ ಜೊತೆಯಾಟದಲ್ಲಿ 171 ಓಟ ಸೇರಿಸಿ, ಪಂದ್ಯವನ್ನು ಹತ್ತು ವಿಕೆಟ್ಟುಗಳಿಂದ ಗೆದ್ದಿತೆಂಬ ಭಾಗವನ್ನು ಮಾತ್ರ ಹಲವರು ಅವಸರವಾಗಿ ಹೇಳಿ ಮುಗಿಸುತ್ತಾರೆ, ಆದರೆ ಆ ಬೆಲೆಯೇ ಇಲ್ಲದಿದ್ದರೆ ಈ ಪ್ರಸಂಗಕ್ಕೆ ಅರ್ಥವಿರುತ್ತಿರಲಿಲ್ಲ. 1987ರ ವಿಶ್ವಕಪ್ಪಿನಲ್ಲಿ ಲಾಹೋರಿನಲ್ಲಿ ವೆಸ್ಟ್ ಇಂಡೀಸಿನ ಬೌಲರ್ ಕೋರ್ಟ್ನಿ ವಾಲ್ಶ್ ಕೊನೆಯ ಓವರಿನಲ್ಲಿ ಚೆಂಡು ಹೊರಡುವ ಮುನ್ನವೇ ಗೆರೆ ದಾಟಿ ಹೋಗಿದ್ದ ಪಾಕಿಸ್ತಾನದ ಕೊನೆಯ ಜೋಡಿಯ ಆಟಗಾರನನ್ನು ರನೌಟ್ ಮಾಡದೆ ಬಿಟ್ಟು ಪಂದ್ಯ ಸೋತರು. ಸುಮಾರು ಮೂರು ದಶಕಗಳ ಬಳಿಕ, 2016ರ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ, ಅದೇ ವೆಸ್ಟ್ ಇಂಡೀಸಿನ ಹುಡುಗನೊಬ್ಬ ಜಿಂಬಾಬ್ವೆಯ ಕೊನೆಯ ಆಟಗಾರನನ್ನು ಅದೇ ರೀತಿ ರನೌಟ್ ಮಾಡಿ ತಂಡವನ್ನು ಮುಂದಿನ ಸುತ್ತಿಗೆ ಒಯ್ದ, ತಂಡ ಕಪ್ಪನ್ನೂ ಗೆದ್ದಿತು, ಹದಿಹರೆಯದ ಆ ಬೌಲರನ ಮೇಲೆ ಜಗತ್ತಿನ ಪಂಡಿತರೆಲ್ಲ ಮುಗಿಬಿದ್ದರು.

ಹೀಗೆ ಔಟ್ ಮಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬ ವಾದವನ್ನು ಗಟ್ಟಿಯಾಗಿ ಮಂಡಿಸಿದವರು ಚೆನ್ನೈನ ಆರ್. ಅಶ್ವಿನ್. 2012ರಲ್ಲಿ ಬ್ರಿಸ್ಬೇನಿನಲ್ಲಿ ಅವರು ಶ್ರೀಲಂಕಾದ ತಿರಿಮನ್ನೆಯವರನ್ನು ಹೀಗೆ ರನೌಟ್ ಮಾಡಿದಾಗ ನಾಯಕ ಸೆಹ್ವಾಗ್ ಮನವಿಯನ್ನು ಹಿಂತೆಗೆದುಕೊಂಡಿದ್ದರು. 2019ರಲ್ಲಿ ಜೈಪುರದಲ್ಲಿ ಜೋಸ್ ಬಟ್ಲರ್ ಅವರನ್ನು ಔಟ್ ಮಾಡಿದಾಗ ಅಶ್ವಿನ್ ತಾವೇ ನಾಯಕರಾಗಿದ್ದರು, ಹಿಂತೆಗೆದುಕೊಳ್ಳಲಿಲ್ಲ. ಚೆಂಡು ಹೊರಡುವ ಮುನ್ನವೇ ಓಡುವವನು ಕದಿಯುತ್ತಿರುವುದು ಅಂಗುಲಗಟ್ಟಲೆ ಲಾಭವನ್ನಾದ್ದರಿಂದ ಎಚ್ಚರಿಕೆಯ ಹೊಣೆ ಅವನದೇ ಎಂಬ ಈ ವಾದವನ್ನು ನಿಯಮಗಳ ಒಡೆತನವುಳ್ಳ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ ಕೂಡ ಕೊನೆಗೆ ಒಪ್ಪಿದಂತಾಗಿ, 2022ರ ಅಕ್ಟೋಬರ್‌ನಿಂದ ಈ ಬಗೆಯ ಔಟನ್ನು ಅನ್ಯಾಯದ ಆಟದ ಅಧ್ಯಾಯದಿಂದ ತೆಗೆದು ಸಾಮಾನ್ಯ ರನೌಟಿನ ನಿಯಮಕ್ಕೆ ಸೇರಿಸಿತು. ಮಕ್ಕಳ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆ. ಬರೆಯದ ಸಂಪ್ರದಾಯವನ್ನು ಮುರಿದ ಅಪರಾಧ ಹನ್ನೆರಡು ವರ್ಷದವನ ತಲೆಗೆ ಬರುವುದಕ್ಕಿಂತ, ಎಲ್ಲಿ ನಿಂತಿರಬೇಕೆಂದು ಅವನಿಗೆ ನಿಯಮವೇ ಸ್ಪಷ್ಟವಾಗಿ ಹೇಳುವುದು ಹೆಚ್ಚು ನ್ಯಾಯವಾದದ್ದು. ಬೇಸ್‌ಬಾಲ್‌ನಲ್ಲಿ ಮುಂದಿನ ಬೇಸ್‌ಗೆ ಕದ್ದು ಓಡುವುದು ಒಪ್ಪಿತವಾದ ಕೌಶಲ, ಹಾಗೆ ಓಡಲು ಹೊರಟವನನ್ನು ಪಿಚರ್ ತಿರುಗಿ ಎಸೆದು ಔಟ್ ಮಾಡುವುದೂ ಅಷ್ಟೇ ಒಪ್ಪಿತ. ಅಲ್ಲಿ ಈ ಕಾರಣಕ್ಕೆ ಯಾವ ಹುಡುಗನ ನೀತಿಯನ್ನೂ ಯಾರೂ ಪ್ರಶ್ನಿಸುವುದಿಲ್ಲ.

ಮಕ್ಕಳು ಕಲಿಯುವುದರಲ್ಲಿ ಕಂಡು ಕಲಿಯುವುದೇ ಹೆಚ್ಚು. 1999ರ ಜನವರಿ 31ರಂದು ಚೆಪಾಕ್‌ನಲ್ಲಿ ಸಚಿನ್ ತೆಂಡೂಲ್ಕರ್ 136 ಓಟ ಹೊಡೆದು ಔಟಾದ ಮೇಲೆ ಭಾರತ 12 ಓಟಗಳಿಂದ ಸೋತಾಗ, ತುಂಬಿದ ಮೈದಾನ ಎದ್ದುನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿತು, ವಾಸಿಂ ಅಕ್ರಂ ಅವರ ತಂಡ ಮೈದಾನಕ್ಕೆ ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿತು. ಅಂದು ತಂದೆಯ ಪಕ್ಕದಲ್ಲಿ ಕೂತಿದ್ದ ಮಕ್ಕಳಿಗೆ ಇನ್ನೊಂದು ಪಾಠ ಬೇಕಾಗಿರಲಿಲ್ಲ. 2020ರ ಫೆಬ್ರವರಿಯಲ್ಲಿ ಪೊಚೆಫ್‌ಸ್ಟ್ರೂಮಿನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಫೈನಲ್ ಮುಗಿದ ಕೂಡಲೇ ಭಾರತ ಮತ್ತು ಬಾಂಗ್ಲಾದೇಶದ ಹುಡುಗರು ನೂಕಾಡಿಕೊಂಡು, ಮೂವರು ಬಾಂಗ್ಲಾದೇಶೀಯರೂ ಇಬ್ಬರು ಭಾರತೀಯರೂ ಶಿಕ್ಷೆಗೆ ಗುರಿಯಾದರು. 2025ರ ಸೆಪ್ಟೆಂಬರ್‌ನಲ್ಲಿ ದುಬೈಯ ಏಷ್ಯಾ ಕಪ್ ಪಂದ್ಯದ ನಂತರ ಭಾರತದ ಹಿರಿಯರ ತಂಡ ಪಾಕಿಸ್ತಾನದವರ ಕೈಕುಲುಕಲಿಲ್ಲ. ಅದಕ್ಕೆ ಕೊಟ್ಟ ಕಾರಣಗಳು ಆಟದ ಆಚೆಯವು ಮತ್ತು ಅವುಗಳ ತೂಕವನ್ನು ಇಲ್ಲಿ ಅಳೆಯಬೇಕಾಗಿಲ್ಲ, ಆದರೆ ಪಂದ್ಯ ಮುಗಿದ ಮೇಲೆ ಸಾಲಾಗಿ ನಿಂತು ಕೈಕುಲುಕಬೇಕೆಂದು ಹೇಳಿಕೊಡುವ ಶಾಲಾ ತರಬೇತುದಾರನಿಗೆ ಇನ್ನು ಮುಂದೆ ಮಕ್ಕಳ ಪ್ರಶ್ನೆಯೊಂದಕ್ಕೆ ಉತ್ತರ ಸಿದ್ಧವಿರಬೇಕಾಗುತ್ತದೆ.

ಶಿಕ್ಷೆಯ ದಾರಿಯನ್ನೂ ಬಿಟ್ಟಿಲ್ಲ. 2017ರಿಂದ ಕ್ರಿಕೆಟ್ಟಿನ ನಿಯಮಗಳಲ್ಲಿ ಆಟಗಾರರ ನಡತೆಗೆಂದೇ 42ನೆಯ ನಿಯಮ ಸೇರಿ, ಅತಿಯಾದ ಮನವಿಯಂಥ ಸಣ್ಣ ತಪ್ಪು ಮರುಕಳಿಸಿದರೆ ಐದು ಓಟಗಳ ದಂಡದಿಂದ ಹಿಡಿದು ಹಲ್ಲೆಯಂಥ ತಪ್ಪಿಗೆ ಪಂದ್ಯದಿಂದಲೇ ಹೊರಹಾಕುವವರೆಗೆ ನಾಲ್ಕು ಹಂತಗಳ ಅಧಿಕಾರ ಅಂಪೈರಿಗೆ ಬಂದಿದೆ. ಬೇಸ್‌ಬಾಲ್‌ನ ಅಂಪೈರಿಗೆ ಹೊರಹಾಕುವ ಅಧಿಕಾರ ಬಹಳ ಹಿಂದಿನಿಂದಲೂ ಇದೆ. ಆದರೆ ಮಕ್ಕಳ ಪಂದ್ಯಗಳಲ್ಲಿ ಅಂಪೈರಿನ ಮೇಲೆ ಕೂಗಾಡುವವರು ಬಹುಪಾಲು ಗೆರೆಯ ಆಚೆ ನಿಂತಿರುವ ಹಿರಿಯರು, ನಿಯಮ ಹೊರಹಾಕುವುದು ಗೆರೆಯ ಈಚೆಗಿರುವ ಮಕ್ಕಳನ್ನು. ಸ್ಟ್ಯಾನ್‌ಫರ್ಡಿನಲ್ಲಿ ಜಿಮ್ ಥಾಂಪ್ಸನ್ 1998ರಲ್ಲಿ ಆರಂಭಿಸಿದ ಪಾಸಿಟಿವ್ ಕೋಚಿಂಗ್ ಅಲಯನ್ಸ್ ಈ ಕಾರಣಕ್ಕೇ ಮಕ್ಕಳೊಡನೆ ತರಬೇತುದಾರರಿಗೂ ಹೆತ್ತವರಿಗೂ ಶಿಬಿರ ನಡೆಸುತ್ತ, ನಿಯಮ, ಎದುರಾಳಿ, ತೀರ್ಪುಗಾರ, ಸಂಗಡಿಗ ಮತ್ತು ತಾನು ಎಂಬ ಐದರ ಮರ್ಯಾದೆಯನ್ನು ಒಟ್ಟಿಗೆ ಕಾಯಬೇಕೆಂದು ಕಲಿಸುತ್ತದೆ.

ಚೆನ್ನೈನ ಉಪನಗರಗಳಿಗೆ ಈ ಮಾದರಿಯನ್ನು ತರುವುದಕ್ಕೆ ಇರುವ ನಿಜವಾದ ತೊಡಕು ಹಣದ್ದು. ಸಿಯಾಟಲ್ಲಿನ ಅಧ್ಯಯನಗಳಲ್ಲಿದ್ದ ತರಬೇತುದಾರರು ಹೆಚ್ಚಾಗಿ ಸಂಬಳವಿಲ್ಲದೆ ಸಂಜೆಯ ಹೊತ್ತು ಬರುವ ತಂದೆಯರು. ಇಲ್ಲಿನ ಶಿಬಿರಗಳನ್ನು ನಡೆಸುವವರಿಗೆ ಅದೇ ಜೀವನೋಪಾಯ, ಅವರ ಶಿಬಿರಕ್ಕೆ ಮುಂದಿನ ವರ್ಷ ಎಷ್ಟು ಮಕ್ಕಳು ಸೇರುತ್ತಾರೆ ಎಂಬುದು ಈ ವರ್ಷ ಎಷ್ಟು ಮಂದಿ ಜಿಲ್ಲೆ ಅಥವಾ ರಾಜ್ಯದ ಆಯ್ಕೆಯ ಪಟ್ಟಿ ಹೊಕ್ಕರು ಎಂಬುದನ್ನು ಅವಲಂಬಿಸಿದೆ. ಮೈದಾನ ಸಿಗುವುದೇ ಕಷ್ಟವಾದ ಊರಿನಲ್ಲಿ, ಮಗುವನ್ನು ನಸುಕಿನಲ್ಲಿ ಉಪನಗರ ರೈಲು ಹತ್ತಿಸಿ ನಗರದ ಮೈದಾನಕ್ಕೆ ಕರೆದೊಯ್ಯುವ ತಾಯಿಗೂ ತಂದೆಗೂ ಆಯ್ಕೆಯ ಪಟ್ಟಿಯೇ ಲಾಭದ ಲೆಕ್ಕ. ಪ್ರತಿ ಮಗುವಿಗೂ ಬ್ಯಾಟು ಸಿಗಬೇಕು, ನೂರು ದಾಟಿದವನು ನಿವೃತ್ತನಾಗಿ ಮುಂದಿನವನಿಗೆ ಅವಕಾಶ ಕೊಡಬೇಕು, ಒಂದು ಅಂತರ ಮೀರಿದ ಪಂದ್ಯವನ್ನು ನಿಲ್ಲಿಸಿ ಉಳಿದ ಹೊತ್ತು ಎರಡೂ ತಂಡಗಳನ್ನು ಬೆರೆಸಿ ಆಡಿಸಬೇಕು ಎಂಬ ನಿಯಮಗಳನ್ನು ಒಬ್ಬ ಶಿಬಿರದ ಗುರು ತಾನೊಬ್ಬನೇ ಮಾಡಿಕೊಂಡರೆ ಅವನ ಮಕ್ಕಳು ಪಕ್ಕದ ಶಿಬಿರಕ್ಕೆ ಹೋಗುತ್ತಾರೆ. ಅವನ್ನು ಟೂರ್ನಿ ನಡೆಸುವ ಸಂಸ್ಥೆಯೇ 12 ಮತ್ತು 14 ವರ್ಷದೊಳಗಿನವರ ಎಲ್ಲ ಪಂದ್ಯಗಳಿಗೂ ಕಟ್ಟಳೆಯಾಗಿ ಇಟ್ಟರೆ ಆ ಗುರುವಿಗೆ ನಷ್ಟವಿಲ್ಲ, ಆಯ್ಕೆಗಾರರಿಗೂ ಒಬ್ಬನ ಬದಲು ಹನ್ನೊಂದು ಮಂದಿಯ ಆಟ ನೋಡಲು ಸಿಗುತ್ತದೆ.